ಚೌಕುಳಿ ಅಂಗಿಯ ಬಟ್ಟೆ

ಫೋರ್‌ಮನ್ ಪಾರ್ಕಿನ ಕೊಳದ ಅಂಚಿನಲ್ಲಿ ಬೋರಲು ಬಿದ್ದಿದ್ದ. ನೀರು ಮೊಣಕಾಲುದ್ದವೂ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿತ್ತು.

ಕಾರ್ಖಾನೆಯ ಪಿಕ್‌ನಿಕ್ಕಿನಲ್ಲಿ ಅವನನ್ನು ಊಟಕ್ಕೆ ಕರೆಯಲು ಹೋದವರು ಕೂಗಿಕೊಂಡಾಗ ಸೀಟಿಯಕ್ಕ ಹಗ್ಗ ಸುತ್ತುತ್ತಿದ್ದಳು. ಪಿಕ್‌ನಿಕ್ಕು, ಹುಟ್ಟುಹಬ್ಬ, ನಾಲ್ಕು ಜನ ಸೇರಿದ ಕಡೆ ಆಟ ಆರಿಸಿ ಆಡಿಸುವುದು ಆಕೆಯ ಕಸುಬು. ಕೊರಳಲ್ಲಿ ಸದಾ ಸೀಟಿ, ಅದಕ್ಕೇ ಆ ಹೆಸರು. ಓಡಿ ಹೋಗಿ ನೋಡಿದಳು. ಅಳು ಬರಲಿಲ್ಲ. ಗಂಡ ತೀರಿಕೊಂಡು ಎರಡು ವರ್ಷ. ಅಂದಿನಿಂದ ಎದೆಯೊಳಗೆ ಎಲ್ಲ ಜೋಮು ಹಿಡಿದ ಹಾಗಿತ್ತು. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಬಟ್ಟೆ ನನ್ನದು, ಆಟ ನನ್ನದು, ಇವರನ್ನು ನಾನೇ ಕೊಂದೆನಾ?

*

ಇನ್‌ಸ್ಪೆಕ್ಟರ್ ಪಾರ್ಕಿನ ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡು ಕೂತ.

ಮೊದಲು ಮಾತಾಡಿದವನು ಕಾರ್ಖಾನೆಯ ಮ್ಯಾನೇಜರ್. ಬೆಳಿಗ್ಗೆ ಹನ್ನೆರಡು ಜನ ಕಣ್ಣು ಕಟ್ಟಿಕೊಂಡು, ಸದ್ದು ಹಿಡಿದು ಗಂಟೆ ಮುಟ್ಟುವ ಆಟ ಆಡಿದ್ದರು. ಊಟದ ನಂತರ ಫೈನಲ್ ಇತ್ತು. ಫೋರ್‌ಮನ್‌ಗೆ ಗೆಲ್ಲುವ ಹುಚ್ಚು, ಒಬ್ಬನೇ ಅಭ್ಯಾಸ ಮಾಡಲು ಹೋಗಿ ಜಾರಿ, ತಲೆ ಕಲ್ಲಿಗೆ ಬಡಿದಿರಬೇಕು ಅಂದ. ನೀರಿರುವ ಕಡೆ ಇಂಥ ಆಟ ಇಟ್ಟವರನ್ನು ಕೇಳಿ ಎಂದೂ ಸೇರಿಸಿದ.

ಪುಣ್ಯಾತ್ಮ! ಆ ಆಟ ಲಿಸ್ಟಿನಲ್ಲೇ ಇರಲಿಲ್ಲ. ಕೊಳ ಇದೆಯೆಂದೇ ಸೀಟಿಯಕ್ಕ ಬುಟ್ಟಿಗೆ ಚೆಂಡು ಹಾಕುವ ಆಟ ಬರೆದಿದ್ದಳು. ಅದನ್ನು ಹೊಡೆದುಹಾಕಿ ಗಂಟೆಯಾಟ ಸೇರಿಸಿದ್ದು ಇವನೇ. ಕೊಳದಿಂದ ದೂರ, ದಿಬ್ಬದ ಮೇಲೆ ಆಡಿಸಿದ್ದಳು, ನಿಜ. ಆದರೂ ಒಪ್ಪಿಕೊಂಡಿದ್ದು ತಾನೇ ಅಲ್ಲವೇ?

"ಬಟ್ಟೆಗಳನ್ನ ವಾಪಸ್ ಇಸ್ಕೊಂಡಿದ್ರಾ ಅಮ್ಮ?" ಇನ್‌ಸ್ಪೆಕ್ಟರ್ ಆಕೆಯನ್ನು ಕೇಳಿದ.

"ಇಸ್ಕೊಂಡೆ ಅನ್ಸುತ್ತೆ ಸಾರ್. ತಲೆ ಓಡ್ತಿಲ್ಲ."

ಪೆಟ್ಟಿಗೆ ತೆಗೆಸಿ ಎಣಿಸಿದರು. ಹನ್ನೊಂದು. ಹನ್ನೆರಡನೆಯದನ್ನು ಹೆಣದ ಕಣ್ಣಿನಿಂದ ಕತ್ತರಿಸಿ ತೆಗೆದಿದ್ದರು. ಒದ್ದೆ ಮುದ್ದೆಯಾಗಿ, ಗಂಟಿನ ಸಮೇತ ಫ್ಯಾನಿನ ಕೆಳಗೆ ಬಿದ್ದಿತ್ತು. ಎಣಿಕೆ ಸರಿಹೋಯಿತು, ಫೋರ್‌ಮನ್ ಮಾತ್ರ ತನ್ನದನ್ನು ಕೊಡದೆ ಇಟ್ಟುಕೊಂಡಂತೆ ಕಂಡಿತು. ಸೀಟಿಯಕ್ಕ ನೆಲ ನೋಡಿದಳು.

*

ಇನ್‌ಸ್ಪೆಕ್ಟರ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಏಟು ಬಿದ್ದದ್ದು ಹಿಂದಲೆಗೆ. ಜಾರಿ ಬೋರಲು ಬಿದ್ದವನಿಗೆ ಹಿಂದಲೆ ಒಡೆಯುವುದು ಹೇಗೆ?

ಅಷ್ಟರಲ್ಲಿ ಕಾನ್‌ಸ್ಟೇಬಲ್ ಒಬ್ಬನನ್ನು ಹಿಡಿದು ತಂದ. ಪ್ರೆಸ್ ಮಷೀನಿನ ಕೆಲಸಗಾರ. ತಿಂಗಳ ಹಿಂದೆ ಅದೇ ಮಷೀನು ಅವನ ಬಲಗೈಯ ಮೂರು ಬೆರಳು ತಿಂದಿತ್ತು. ಅಂಗಿ ಒದ್ದೆ, ಕೊಳದ ಕಡೆಯಿಂದ ಬಂದದ್ದನ್ನು ಕಂಡವರಿದ್ದರು. ಹಗ್ಗಜಗ್ಗಾಟ ನೋಡುವಾಗ ಸಿಡಿದ ಮಣ್ಣು ತೊಳೆಯಲು ಹೋಗಿದ್ದೆ ಅಂದ. ಇನ್‌ಸ್ಪೆಕ್ಟರ್ ಬೆರಳು ಹೋದ ಸೇಡಿಗೆ ಕೊಂದೆಯಾ ಎಂದು ದನಿ ಏರಿಸಿದ.

ಸೀಟಿಯಕ್ಕ ಬಟ್ಟೆಯ ಗಂಟು ನೋಡಿದಳು. ಎರಡು ಸುತ್ತು ಬಿಗಿದ ಕಗ್ಗಂಟು.

"ಆ ಕೈಲಿ ಈ ಗಂಟು ಹಾಕಕ್ಕಾಗಲ್ಲ ಸಾರ್. ಬೆಳಿಗ್ಗೆ ಅವರ ಶೂ ಲೇಸ್ ಕಟ್ಟಿದ್ದೇ ನಾನು."

ಹೇಳುತ್ತಿದ್ದಂತೆ ಗಂಟಿನಿಂದ ಕಣ್ಣು ಬಟ್ಟೆಗೆ ಇಳಿಯಿತು. ಫ್ಯಾನಿನ ಗಾಳಿಗೆ ಅಂಚು ಒಣಗಿ ಬಣ್ಣ ಕಾಣತೊಡಗಿತ್ತು. ಕಂದು. ಚೌಕುಳಿ.

"ಇದು ಫೋರ್‌ಮನ್‌ಗೆ ಕಟ್ಟಿದ್ದಲ್ಲ."

ಎಲ್ಲರೂ ತಿರುಗಿದರು. ಆಕೆ ನಿಧಾನವಾಗಿ ಹೇಳಿದಳು. ಹನ್ನೆರಡೂ ಗಂಡನ ಅಂಗಿಗಳು. ಬಿಸಾಡಲು ಮನಸ್ಸು ಬಾರದೆ ಕತ್ತರಿಸಿ ಹೊಲಿದದ್ದು. ಯಾವ ಅಂಗಿ ಯಾರ ಕಣ್ಣಿಗೆ ಹೋಯಿತೆಂದು ಕೈಗೇ ಗೊತ್ತು. ಫೋರ್‌ಮನ್‌ಗೆ ಕಟ್ಟಿದ್ದು ನೀಲಿ ಗೆರೆಯದು. ಬೆಳಿಗ್ಗೆಯ ಸುತ್ತಿನಲ್ಲಿ ಗಂಟೆ ಮುಟ್ಟಿ ಗೆದ್ದವನೇ ಬಿಚ್ಚಿ, ಮೆತ್ತಗಿದೆಯಲ್ಲಮ್ಮ, ಯಾರ ಅಂಗಿ ಎಂದು ಕೇಳಿ, ನಾಲ್ಕು ಮಡಿಕೆ ಮಾಡಿ ಕೊಟ್ಟಿದ್ದ. ಪೆಟ್ಟಿಗೆಯಲ್ಲಿ ಅದು ಹಾಗೇ ಮಡಿಕೆಯಲ್ಲಿತ್ತು. ಪೆಟ್ಟಿಗೆಯನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ, ಬೀಗ ಹಾಕಿ ಬೀಗದ ಕೈಯನ್ನು ಸೀಟಿಯ ದಾರಕ್ಕೆ ಕಟ್ಟಿಕೊಂಡಿದ್ದಳು.

"ಚೌಕುಳಿ ಕಟ್ಟಿದ್ದು ಮ್ಯಾನೇಜರ್ ಸಾರ್‌ಗೆ. ವಾಪಸ್ ಕೇಳಿದ್ದಕ್ಕೆ ಫೈನಲ್‌ಗೆ ಬೇಕಲ್ಲ, ನನ್ನ ಹತ್ರಾನೇ ಇರ್ಲಿ ಅಂದ್ರು."

ಮ್ಯಾನೇಜರ್ ನಕ್ಕ. "ಈಗ್ತಾನೆ ತಲೆ ಓಡ್ತಿಲ್ಲ ಅಂದ್ರಿ!"

ಇನ್‌ಸ್ಪೆಕ್ಟರ್ ಬಟ್ಟೆ ಮಗುಚಿದ. ಒಳಬದಿಯಲ್ಲಿ ಕಪ್ಪು ಕಲೆ. ಕೂದಲಿಗೆ ಹಚ್ಚುವ ಬಣ್ಣ. ಫೋರ್‌ಮನ್ ತಲೆ ಬೋಳು, ಅಂಗೈ ಹಾಗೆ. ಮ್ಯಾನೇಜರ್ ಕೆನ್ನೆಯ ಮೇಲೆ ಬೆವರು ಕಪ್ಪಗೆ ಇಳಿಯುತ್ತಿತ್ತು.

ಕಾರಣವನ್ನು ಬೆರಳಿಲ್ಲದವನು ಹೇಳಿದ. ಮಷೀನಿನ ರಕ್ಷಣೆಯ ಜಾಲರಿ ತೆಗೆಸಿದ್ದು ಮ್ಯಾನೇಜರ್. ಅಪಘಾತದ ಬಗ್ಗೆ ನಾಳೆ ನಡೆಯಲಿದ್ದ ವಿಚಾರಣೆಯಲ್ಲಿ ಫೋರ್‌ಮನ್ ಹಾಗೆಂದು ಸಾಕ್ಷಿ ಹೇಳುವವನಿದ್ದ. ಉಳಿದದ್ದನ್ನು ಸ್ವಲ್ಪ ಹೊತ್ತಿಗೆ ಮ್ಯಾನೇಜರನೇ ಒಪ್ಪಿಕೊಂಡ. ಕಣ್ಣು ಕಟ್ಟಿದವನು ನೀರಿಗೆ ಬಿದ್ದ ಅಂದರೆ ಯಾರು ಕೇಳುತ್ತಾರೆ? ಆಟ ಬದಲಿಸಿದ್ದು ಅದಕ್ಕೇ. ಮಾತಿದೆ ಎಂದು ಕೊಳಕ್ಕೆ ಕರೆದು, ಹಿಂದಿನಿಂದ ಕಲ್ಲೆತ್ತಿ ಹೊಡೆದು, ಜೇಬಿನಲ್ಲಿದ್ದ ಬಟ್ಟೆ ಕಟ್ಟಿದ. ಎಣಿಕೆ ಸರಿಯಿದ್ದರೆ ಸಾಕು ಅಂದುಕೊಂಡಿದ್ದ. ಅವನ ಕಣ್ಣಿಗೆ ಅವೆಲ್ಲ ಬರೀ ಚಿಂದಿ.

*

ಸಂಜೆ ಫೋರ್‌ಮನ್‌ನ ಹೆಂಡತಿ ಬಂದಳು. ಪೆಟ್ಟಿಗೆ ಪಕ್ಕದಲ್ಲಿಟ್ಟು ಬೆಂಚಿನ ಮೇಲೆ ಕೂತಿದ್ದ ಸೀಟಿಯಕ್ಕ ಸರಿದು ಜಾಗ ಕೊಟ್ಟಳು.

"ಆಡಿದ್ರಾ ಅವರು?"

"ಆಡಿದ್ರಮ್ಮ. ಗೆದ್ರು. ಮಗು ಥರ ನಕ್ರು."

"ಬರಲ್ಲ ಅಂತಿದ್ರು. ನಾನೇ ಬಲವಂತ ಮಾಡಿ ಕಳಿಸ್ದೆ. ನಾನೇ ಕೊಂದೆ."

"ಇಲ್ಲಮ್ಮ. ನೀವೂ ಅಲ್ಲ. ನಾನೂ ಅಲ್ಲ."

ಬಾಯಿಬಿಟ್ಟು ಹೇಳಿದ ಮೇಲೆ ಸೀಟಿಯಕ್ಕನಿಗೆ ಎರಡು ವರ್ಷದ ಅಳು ಒಮ್ಮೆಲೇ ಬಂತು. ಕಂದು, ನೀಲಿ ಎರಡನ್ನೂ ಪೊಲೀಸರು ಒಯ್ದಿದ್ದರು. ಪೆಟ್ಟಿಗೆ ತೆರೆದು ಇದ್ದುದರಲ್ಲಿ ಒಂದನ್ನು ಕಣ್ಣೊರೆಸಿಕೊಳ್ಳಲು ಆಕೆಗೆ ಕೊಟ್ಟಳು. ಇನ್ನೊಂದನ್ನು ತಾನು ತೆಗೆದುಕೊಂಡಳು.