ವಿರುಪಿಯ ಹರಿಗೋಲು ಆಟ

"ಸತ್ತೆ! ಮತ್ತ ಸತ್ತೆ!"

ಸುವರ್ಣ ರಿಮೋಟನ್ನು ಸ್ಟೂಲಿನ ಮೇಲೆ ಕುಕ್ಕಿದಳು. ಟೀವಿಯಲ್ಲಿ ಅವಳ ಹರಿಗೋಲು ಕಲ್ಲಿಗೆ ಬಡಿದು ಮಾಯವಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ವಿರುಪಿಗೆ ನಗು ತಡೆಯಲಾಗಲಿಲ್ಲ.

"ಮೂರನೇ ಕಲ್ಲು ಬಲಗಡಿ ಬರತೈತಿ. ಅಷ್ಟೂ ಗೊತ್ತಿಲ್ಲೇನು ನಿಂಗ?"

"ನಂಗ ಹೆಂಗ ಗೊತ್ತಾಗಬೇಕಲೇ? ಅದು ಕಾಣೋದ್ರಾಗ ನಾ ಸತ್ತಿರ್ತೀನಿ!"

"ಕಣ್ಣು ಬಿಟ್ಕೊಂಡು ಆಡು. ಕೊಡಿಲ್ಲಿ, ತೋರಸ್ತೀನಿ."

ವಿರುಪಿ ರಿಮೋಟ್ ಹಿಡಿದಳು. ಅವಳ ಬೆರಳು ಟಕಟಕ ಓಡಿತು. ಹರಿಗೋಲು ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಎಲ್ಲ ಕಲ್ಲುಗಳ ನಡುವೆ ನುಸುಳಿತು. ಕೊನೆಗೆ ಪರದೆಯ ತುಂಬ ದೊಡ್ಡ ಇಂಗ್ಲಿಷ್ ಅಕ್ಷರಗಳು ಮೂಡಿದವು. ಓದಿದರೆ ಮಾತ್ರ ಅದು ಕನ್ನಡ: 'ದಡ ಬಂತು'.

"ನೋಡಿದ್ಯಾ? ಎಷ್ಟ್ ಈಜಿ!"

"ನೀನ ಮಾಡಿದ ಆಟ, ನೀನ ಗೆಲ್ತಿ. ಅದೇನು ದೊಡ್ಡ ವಿಷಯ?" ಸುವರ್ಣ ಚಪ್ಪಲಿ ಮೆಟ್ಟಿಕೊಂಡಳು. "ಒಬ್ಬಾಕೀನ ಆಡ್ಕೊಂಡು ಕುಂದ್ರು."

ಅವಳು ಹೋಗಿಯೇ ಬಿಟ್ಟಳು.

ಅದು ತೋಟಪ್ಪ ಮಾಮನ ವಿಡಿಯೋ ಗೇಮ್ ಅಂಗಡಿ. ಹೊಸಪೇಟೆಯ ಮೇನ್ ಬಜಾರಿನ ಹಿಂದಿನ ಓಣಿಯಲ್ಲಿ, ಮೋಟಾರ್ ರಿಪೇರಿ ಅಂಗಡಿಯ ಪಕ್ಕದ ಒಂದೇ ಕೋಣೆ. ಗೋಡೆಗೆ ಸಾಲಾಗಿ ಹಳೆಯ ಟೀವಿಗಳು, ಪ್ರತಿ ಟೀವಿಯ ಮುಂದೆ ಒಂದು ಸ್ಟೂಲು. ಶಾಲೆ ಬಿಟ್ಟ ಕೂಡಲೇ ಊರಿನ ಅರ್ಧ ಮಕ್ಕಳು ಅಲ್ಲೇ ಇರುತ್ತಿದ್ದರು. ಈಗಂತೂ ದಸರಾ ರಜೆ. ತೋಟಪ್ಪ ವಿರುಪಿಯ ಅಮ್ಮನ ತಮ್ಮ. ಹಾಗಾಗಿ ಅವಳು ಬೇಕೆಂದಾಗ ಬರಬಹುದಿತ್ತು.

ರಜೆಗೆ ಸ್ವಲ್ಪ ಮೊದಲು ಬಳ್ಳಾರಿಯ ವ್ಯಾಪಾರಿ ಮೈಲಾರಲಿಂಗಪ್ಪ ಒಂದು ಹೊಸ ಗೇಮ್ ಸೆಟ್ ತಂದು ಬಿಟ್ಟುಹೋಗಿದ್ದರು. ಅದಕ್ಕೆ ರಿಮೋಟಿನ ಜೊತೆಗೆ ಟೈಪ್ ಮಷೀನಿನಂಥ ಕೀಬೋರ್ಡೂ ಇತ್ತು.

"ಹುಡುಗ್ರು ಮೆಚ್ಚಿದ್ರ ಇಟ್ಕೊಳ್ರಿ," ಎಂದಿದ್ದರು ಅವರು. "ಇಲ್ಲಾಂದ್ರ ರಜಾ ಮುಗಿಯೋ ಹೊತ್ತಿಗೆ ವಾಪಸ್ ಒಯ್ತೀನಿ."

ಹುಡುಗರು ಮೆಚ್ಚಲಿಲ್ಲ. ಅದರಲ್ಲಿ ಹಾರುವವರಿಲ್ಲ, ಗುಂಡು ಹೊಡೆಯುವವರಿಲ್ಲ. ಆನ್ ಮಾಡಿದರೆ ನೀಲಿ ಪರದೆಯಲ್ಲಿ ಒಂದು ಸಣ್ಣ ಚೌಕ ಮಿಣುಕುತ್ತಿತ್ತು, ಅಷ್ಟೇ.

ಆ ಚೌಕವೇ ವಿರುಪಿಯನ್ನು ಹಿಡಿದುಹಾಕಿತು. ಸೆಟ್ಟಿನ ಜೊತೆ ಬಂದಿದ್ದ ತೆಳ್ಳನೆಯ ಇಂಗ್ಲಿಷ್ ಪುಸ್ತಕವನ್ನು ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅವಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಅರ್ಧ ತಿಳಿಯಲಿಲ್ಲ. ಆದರೂ ಅದರಲ್ಲಿದ್ದಂತೆ ಟೈಪ್ ಮಾಡಿದಾಗ ಪರದೆಯ ಮೇಲೆ ಒಂದು ಚುಕ್ಕಿ ನಡೆಯಿತು. ನಿಜವಾಗಿಯೂ ನಡೆಯಿತು!

"ಮಾಮಾ, ಗೋಟೋ ಅಂದ್ರೇನು?"

"ಗೋಟಾ? ಅದು ಒಣಕೊಬ್ಬರಿ."

"ಅಯ್ಯ, ಇಂಗ್ಲಿಷಿಂದು ಮಾಮಾ!"

ಮಾಮ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಓ, ಗೋ ಟು! ಇಂಥಾ ಲೈನಿಗೆ ಹೋಗು ಅಂತ."

ಅಲ್ಲಿಂದ ಎಲ್ಲ ಸಲೀಸಾಯಿತು. ಹೋಗು ಎಂದರೆ ಹೋಗುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಹಂಪಿಯಿಂದ ಆನೆಗುಂದಿಯ ಅತ್ತೆಯ ಮನೆಗೆ ಹೋಗುವಾಗ ಹರಿಗೋಲಿನಲ್ಲಿ ಹೊಳೆ ದಾಟುವುದು ವಿರುಪಿಗೆ ಭಾರಿ ಇಷ್ಟ. ಅದನ್ನೇ ಆಟ ಮಾಡಿದಳು. ಇಂಗ್ಲಿಷಿನ 'ಓ' ಅಕ್ಷರವೇ ಹರಿಗೋಲು. ನಕ್ಷತ್ರದ ಗುರುತುಗಳೇ ಕಲ್ಲು. ಕಲ್ಲುಗಳು ಮೇಲಿನಿಂದ ಬರುತ್ತವೆ, ಹರಿಗೋಲು ತಪ್ಪಿಸಿಕೊಂಡು ದಡ ಸೇರಬೇಕು.

ಆಟ ಬರೆದು ಮುಗಿಸಿದ ದಿನ ಅಂಗಡಿಯ ಮಕ್ಕಳೆಲ್ಲ ಸುತ್ತ ನೆರೆದಿದ್ದರು.

"ಇದು ಹರಗೋಲಾ? ಇಡ್ಲಿ ಕಂಡಂಗ ಕಾಣ್ತತಿ!" ಎಂದು ಒಬ್ಬ ನಕ್ಕ. ಆದರೂ ಆಡಿದ. ಸತ್ತ. ಇನ್ನೊಬ್ಬ ಆಡಿದ. ಅವನೂ ಸತ್ತ. ಒಬ್ಬೊಬ್ಬರು ಸತ್ತಾಗಲೂ ವಿರುಪಿಗೆ ಒಳಗೊಳಗೇ ಖುಷಿ. ತನ್ನ ಆಟ ಎಷ್ಟು ಕಷ್ಟ! ತನ್ನನ್ನು ಬಿಟ್ಟರೆ ಗೆಲ್ಲುವವರೇ ಇಲ್ಲ! ಮಕ್ಕಳು ಬೇರೆ ಟೀವಿಗಳ ಮುಂದೆ ಹೋಗಿ ಕುಳಿತರು. ಕೊನೆಗೆ ಉಳಿದಿದ್ದವಳು ಸುವರ್ಣ. ಈಗ ಅವಳೂ ಹೋದಳು.

"ವಿರುಪವ್ವಾ," ಎಂದ ಮಾಮ ಮೆಲ್ಲಗೆ, "ಸೋಮವಾರ ಮೈಲಾರಲಿಂಗಪ್ಪಾರು ಬರ್ತಾರ. ಈ ಸ್ಟೂಲು ಹಿಂಗ ಖಾಲಿ ಇದ್ರ ನಾ ಈ ಸೆಟ್ ಇಟ್ಕೊಂಡು ಏನ್ ಮಾಡ್ಲಿ? ವಾಪಸ್ ಕೊಡಬೇಕಾಗತೈತಿ."

"ಅವರಿಗೆ ಯಾರಿಗೂ ಆಡಾಕ ಬರಂಗಿಲ್ಲ ಮಾಮಾ. ನನ್ನ ತಪ್ಪಾ?"

ಮಾಮ ಉತ್ತರ ಕೊಡುವ ಮೊದಲೇ ಫ್ಯಾನು ನಿಧಾನವಾಯಿತು. ಟೀವಿಗಳೆಲ್ಲ ಒಟ್ಟಿಗೆ ಕಪ್ಪಾದವು.

"ಹೋ! ಕರೆಂಟ್ ಹೋತು!" ಎಂದು ಹುಡುಗರು ಕೂಗಿಕೊಂಡು ಹೊರಗೆ ಓಡಿದರು.

ವಿರುಪಿ ಮಾತ್ರ ಕಲ್ಲಿನಂತೆ ಕುಳಿತಳು. ಆ ಸೆಟ್ಟಿನಲ್ಲಿ ಏನನ್ನೂ ಉಳಿಸಿಡಲು ಬರುತ್ತಿರಲಿಲ್ಲ. ಆಫ್ ಆದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೇ ಅವಳು ಮಾಮನ ಕೈಕಾಲು ಹಿಡಿದು, ಟೀವಿ ಆರಿಸಿದರೂ ಸೆಟ್ ಆರಿಸದಂತೆ ನೋಡಿಕೊಂಡಿದ್ದಳು. ಹಬ್ಬದ ದಿನಗಳೆಂದು ಕರೆಂಟೂ ಹೋಗಿರಲಿಲ್ಲ. ಈಗ ಹೋಯಿತು.

ಕರೆಂಟು ವಾಪಸ್ ಬಂದಾಗ ನೀಲಿ ಪರದೆಯಲ್ಲಿ ಆ ಸಣ್ಣ ಚೌಕ ಮಿಣುಕುತ್ತಿತ್ತು. ಹರಿಗೋಲೂ ಇಲ್ಲ, ಹೊಳೆಯೂ ಇಲ್ಲ.

ಅಳು ಬಂತು. ಅದನ್ನು ಯಾರಿಗೆ ಹೇಳುವುದು? ಸುವರ್ಣಳಿಗೇ ಹೇಳಬೇಕು. ಆದರೆ ಅವಳು ಸಿಟ್ಟಾಗಿದ್ದಾಳಲ್ಲ!

ಸಂಜೆ ವಿರುಪಿ ಬಸವಣ್ಣ ಕಾಲುವೆಯ ಕಡೆ ನಡೆದಳು. ಸುವರ್ಣ ಅಲ್ಲೇ ಇದ್ದಳು. ಅವಳಮ್ಮ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು. ಸುವರ್ಣ ಕೆಳಗಿನ ಮೆಟ್ಟಿಲಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಪುಟ್ಟ ತಂಗಿ ದುರ್ಗಿಗೆ ಈಜು ಕಲಿಸುತ್ತಿದ್ದಳು. ತಂಗಿಯ ಹೊಟ್ಟೆಯ ಕೆಳಗೆ ಅಕ್ಕನ ಎರಡೂ ಕೈ.

"ಕಾಲು ಬಡಿ, ಕಾಲು ಬಡಿ! ಹಾಂ, ಹಂಗ!"

ವಿರುಪಿ ಮೇಲಿನ ಮೆಟ್ಟಿಲ ಮೇಲೆ ಕುಳಿತಳು. ಸುವರ್ಣ ಓರೆಗಣ್ಣಿನಿಂದ ನೋಡಿ ಮತ್ತೆ ತಂಗಿಯ ಕಡೆ ತಿರುಗಿದಳು.

"ಕರೆಂಟ್ ಹೋತು," ಎಂದಳು ವಿರುಪಿ. "ಆಟ ಎಲ್ಲಾ ಹೋತು."

ಸುವರ್ಣಳ ಮುಖ ತಟ್ಟನೆ ಮೆತ್ತಗಾಯಿತು. "ಎಲ್ಲಾ?"

"ಎಲ್ಲಾ."

ಅಷ್ಟರಲ್ಲಿ ದುರ್ಗಿ ಒಂದು ಗುಟುಕು ನೀರು ಕುಡಿದು ಕೆಮ್ಮಿದಳು. ಸುವರ್ಣ ಅವಳನ್ನೆತ್ತಿ ಬೆನ್ನು ತಟ್ಟಿದಳು.

"ಕೈ ಬಿಟ್ಟುಬಿಡು, ತಾನ ಕಲೀತಾಳ," ಎಂದಳು ವಿರುಪಿ. "ನಮ್ಮಣ್ಣ ನನ್ನ ಸೀದಾ ನಡುಗಾಲುವಿಗೇ ಒಗದಿದ್ದ."

"ಹೌದಾ? ಕಲ್ತ್ಯಾ ಮತ್ತ?"

ವಿರುಪಿ ಕಲಿತಿರಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ನೀರಿಗೆ ಇಳಿದೇ ಇರಲಿಲ್ಲ.

ದುರ್ಗಿ ಮೂಗು ಒರೆಸಿಕೊಂಡು, "ಅಕ್ಕಾ, ಇನ್ನೊಮ್ಮಿ!" ಎಂದಳು. ಸುವರ್ಣ ಮತ್ತೆ ನೀರಿನೊಳಗೆ ಕೈ ಚಾಚಿದಳು. ಈ ಸಲ ಒಂದು ಗಳಿಗೆ ಕೈಯನ್ನು ಸ್ವಲ್ಪವೇ ಕೆಳಗಿಳಿಸಿದಳು. ದುರ್ಗಿಗೆ ಅದು ತಿಳಿಯಲೇ ಇಲ್ಲ. ಕಾಲು ಬಡಿಯುತ್ತಾ ತೇಲಿದಳು.

ವಿರುಪಿ ಸುವರ್ಣಳ ಆ ಕೈಗಳನ್ನೇ ನೋಡಿದಳು.

"ಸುವರ್ಣಾ, ನಾಳೆ ಬರ್ತ್ಯಾ? ಮತ್ತ ಟೈಪ್ ಮಾಡಬೇಕು. ನೀ ಪಕ್ಕ ಕುಂತ್ರ ತಪ್ಪಾದದ್ದು ಕಾಣತೈತಿ."

"ನಗಂಗಿಲ್ಲಾಂದ್ರ ಬರ್ತೀನಿ."

"ನಗಂಗಿಲ್ಲ."

ಭಾನುವಾರ ಬೆಳಿಗ್ಗೆ ಇಬ್ಬರೂ ಅಂಗಡಿ ಬಾಗಿಲು ತೆರೆಯುವ ಮೊದಲೇ ಹಾಜರು. ವಿರುಪಿಗೆ ಸಾಲುಗಳೆಲ್ಲ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದವು. ಅವಳು ಹೇಳಿಕೊಂಡು ಟೈಪ್ ಮಾಡಿದರೆ ಸುವರ್ಣ ಪರದೆ ನೋಡಿ, "ಏ, ಅಲ್ಲಿ ಚುಕ್ಕಿ ಬಿಟ್ಟಿ!" ಎನ್ನುತ್ತಿದ್ದಳು. ಫ್ಯಾನಿನ ಸದ್ದು ಒಂಚೂರು ಬದಲಾದರೂ ಇಬ್ಬರ ಜೀವ ಬಾಯಿಗೆ ಬರುತ್ತಿತ್ತು.

ಕಲ್ಲುಗಳ ಸಾಲು ಬಂದಾಗ ವಿರುಪಿಯ ಬೆರಳು ನಿಂತಿತು.

"ಮೊದಲ್ನೇ ಕಲ್ಲು ನಡುವ ಬ್ಯಾಡ," ಎಂದಳು. "ದೂರ ಇಡೋಣು, ಮೂಲ್ಯಾಗ. ಸುಮ್ನ ಕಾಣಾಕ."

"ಹಂಗಿಟ್ರ ಬಡಿಯಂಗಽ ಇಲ್ಲಲ್ಲ?"

"ಬಡೀಬಾರದು. ಯಾವ ಬಟನ್ ಒತ್ತಿದ್ರ ಯಾವ ಕಡೆ ಹೋಗತೈತಿ ಅಂತ ಅಷ್ಟರಾಗ ಗೊತ್ತಾಗಬೇಕು."

ಸುವರ್ಣ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ಬಲಗಡಿ ಕಲ್ಲು ಬರೋಕಿಂತ ಮೊದ್ಲ ಟಿಂಗ್ ಅಂತ ಒಂದು ಸೌಂಡ್ ಮಾಡಾಕ ಬರತೈತೇನು?"

ಬರುತ್ತಿತ್ತು. ಪುಸ್ತಕದಲ್ಲಿ ಹುಡುಕಿ ಅದನ್ನೂ ಸೇರಿಸಿದರು. ಕಲ್ಲುಗಳು ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ಬರುವಂತೆ ಅಂಕಿ ಬದಲಿಸಿದರು. ಊಟದ ಹೊತ್ತಿಗೆ ಸುವರ್ಣ ದಡ ಸೇರಿ, ಸ್ಟೂಲಿನಿಂದ ಜಿಗಿದು, ಪಕ್ಕದ ಟೀವಿಯ ಹುಡುಗನ ಕಾಲು ತುಳಿದಳು.

ಆದರೆ ಬೇರೆ ಮಕ್ಕಳು ಹತ್ತಿರ ಸುಳಿಯಲಿಲ್ಲ. "ಅದಾ? ಸಾಯೋ ಆಟ," ಎಂದು ಮೂಗು ಮುರಿದರು.

ಸೋಮವಾರ ಬಂದೇ ಬಿಟ್ಟಿತು. ಬೆಳಿಗ್ಗೆ ಕಂಪ್ಲಿಯ ರೈತರೊಬ್ಬರು ಪಂಪ್‌ಸೆಟ್ಟಿನ ಮೋಟಾರು ತಂದು ಪಕ್ಕದ ರಿಪೇರಿ ಅಂಗಡಿಯಲ್ಲಿ ಇಳಿಸಿದರು. ಜೊತೆಗೆ ಅವರ ಮಗಳೂ ಬಂದಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಟೀವಿಗಳ ಸದ್ದು ಕೇಳಿ ಬಾಗಿಲಲ್ಲಿ ಇಣುಕಿದಳು.

"ಬಾರ, ಆಡ್ತ್ಯಾ?" ಎಂದಳು ವಿರುಪಿ. "ಹೆಸರೇನು?"

"ಸುಂಕಲಮ್ಮ. ನಂಗ ಇದು ಬರಂಗಿಲ್ಲ."

"ಯಾರಿಗೂ ಬರಂಗಿಲ್ಲ. ಕುಂದ್ರು."

ಸುಂಕಲಮ್ಮ ರಿಮೋಟನ್ನು ತಲೆಕೆಳಗಾಗಿ ಹಿಡಿದಳು. ಸುವರ್ಣ ತಿರುಗಿಸಿ ಕೊಟ್ಟಳು. ಮೊದಲ ಕಲ್ಲು ಮೂಲೆಯಲ್ಲಿ ಸುಮ್ಮನೆ ಇಳಿದುಹೋಯಿತು. ಸುಂಕಲಮ್ಮ ಒಂದು ಬಟನ್ ಒತ್ತಿದಳು. ಹರಿಗೋಲು ಸರಿಯಿತು. "ಅಯ್!" ಎಂದಳು.

ಮುಂದಿನ ಕಲ್ಲನ್ನು ಹರಿಗೋಲು ತಪ್ಪಿಸಿಕೊಂಡಿತು. ಅದರ ಮುಂದಿನದು ಬಡಿಯಿತು.

ವಿರುಪಿಯ ನಾಲಿಗೆಯ ತುದಿಗೆ 'ಎಡಕ್ಕ ಹೋಗಬೇಕಿತ್ತು' ಎಂಬ ಮಾತು ಬಂತು. ಅದನ್ನು ನುಂಗಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು.

"ಇನ್ನೊಮ್ಮಿ ಆಡ್ಲಾ?" ಎಂದಳು ಸುಂಕಲಮ್ಮ.

ಇನ್ನೊಮ್ಮೆ ಆಡಿದಳು. ಮತ್ತೊಮ್ಮೆ ಆಡಿದಳು. ಟಿಂಗ್ ಎಂದರೆ ಸಾಕು, ಕಣ್ಣು ತಾನಾಗಿ ಬಲಕ್ಕೆ ಹೊರಳುತ್ತಿತ್ತು. ಹರಿಗೋಲು ವಾಲಿದ ಕಡೆಗೆ ಅವಳೂ ವಾಲುತ್ತಿದ್ದಳು. ಅವಳ ಹಿಂದೆ ಒಬ್ಬ ಹುಡುಗ ಬಂದು ನಿಂತ. ಇನ್ನಿಬ್ಬರು ಬಂದರು.

"ಈಗ ಬರತೈತಿ ನೋಡು, ಹುಷಾರ್!"

"ಸುಮ್ನಿರಲೇ, ಆಕೀನ ನೋಡ್ಕೋತಾಳ!"

ಆ ಹೊತ್ತಿಗೇ ಮೈಲಾರಲಿಂಗಪ್ಪ ಬ್ಯಾಗು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. "ತೋಟಪ್ಪಾರಽ, ಆ ಸೆಟ್ ಬಿಚ್ಚಿ ಇಟ್ಟೀರೇನ್ರಿ?"

ಮಾಮ ಮಕ್ಕಳ ಗುಂಪಿನ ಕಡೆ ನೋಡಿದ. "ಬರ್ರಿ, ಕುಂದ್ರಿ, ಚಾ ಕುಡೀರಿ. ಬಿಚ್ಚಾಕ ಅದರ ಹತ್ರ ಹೋಗಾಕಽ ಜಾಗಾ ಇಲ್ಲ ನೋಡ್ರಿ. ಇರಲಿ ಬಿಡ್ರಿ ಅದು, ಇಲ್ಲೇ ಇರಲಿ."

ಒಮ್ಮೆಲೇ ಕೂಗೆದ್ದಿತು. ಪರದೆಯ ತುಂಬ 'ದಡ ಬಂತು'.

ಸುಂಕಲಮ್ಮ ರಿಮೋಟ್ ಬಿಟ್ಟು ಪಕ್ಕದ ಅಂಗಡಿಗೆ ಓಡಿದಳು. "ಅಪ್ಪಾ! ಅಪ್ಪಾ! ನಾ ದಾಟಿಸಿದೆ! ಹೊಳಿ ದಾಟಿಸಿದೆ! ನಾನೊಬ್ಬಾಕೀನ ದಾಟಿಸಿದೆ!" ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ ಅವಳಪ್ಪ ಏನೂ ತಿಳಿಯದೆ ನಕ್ಕರು.

ಸುವರ್ಣ ವಿರುಪಿಯನ್ನು ತಿವಿದಳು. "ಹೇಳ, ಆಟ ಮಾಡಿದಾಕಿ ನೀನು ಅಂತ."

ವಿರುಪಿ ಬಾಯಿ ತೆರೆದಳು. ಅಷ್ಟರಲ್ಲಿ ಸುಂಕಲಮ್ಮ ಓಡಿಬಂದು ಅವಳ ಕೈ ಹಿಡಿದು ಅಲ್ಲಾಡಿಸಿದಳು. "ನೀ ನೋಡಿದ್ಯಲ್ಲಕ್ಕಾ? ನಾನ ದಾಟಿಸಿದ್ದು, ಹೌದಿಲ್ಲ?"

"ಹೌದು," ಎಂದಳು ವಿರುಪಿ. "ನೀನ ದಾಟಿಸಿದಿ."