ಬೆನ್ನು ಮಾತ್ರ ಕಾಣುವ ಚಿತ್ರ

"ಹುಡುಗಿ ಎಲ್ಲಿ?"

ಚಂದನ ಕೇಳಿದ ಮೊದಲ ಮಾತೇ ಅದು. ಗಗನಚುಕ್ಕಿಯ ಎದುರಿನ ಬಂಡೆಯ ಮೇಲೆ ಆಗತಾನೇ ಬೆಳಕು ಹರಿಯುತ್ತಿತ್ತು. ಅಲ್ಲಿ ನಿಂತಿದ್ದವನು ಒಬ್ಬನೇ ಒಬ್ಬ ಗಂಡು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಎರಡು ಹಾರ.

"ಬರ್ತಾಳೆ," ಎಂದ ಹರ್ಷವರ್ಧನ. "ಮಳವಳ್ಳಿಯಿಂದ ಮೊದಲ್ನೇ ಬಸ್ಸಿಗೆ."

ಚಂದನಳ ಕಸುಬು ಸ್ವಲ್ಪ ವಿಚಿತ್ರ. ಗುತ್ತಲಿನ ಅವಳ ಮನೆಯವರ ಲೆಕ್ಕದಲ್ಲಿ ಅವಳು ಮದುವೆ, ನಾಮಕರಣಗಳ ಫೋಟೋಗ್ರಾಫರ್. ಅವರಿಗೆ ಗೊತ್ತಿಲ್ಲದ ಇನ್ನೊಂದು ಕೆಲಸವೂ ಅವಳಿಗಿತ್ತು. ಮನೆ ಬಿಟ್ಟು ಬಂದು ಮದುವೆಯಾಗುವ ಜೋಡಿಗಳಿಗೆ ಛತ್ರವಿಲ್ಲ, ವಾಲಗವಿಲ್ಲ, ಅಕ್ಷತೆ ಹಾಕುವ ನೆಂಟರಿಲ್ಲ. ಅಂಥವರನ್ನು ಅವಳು ಕುಂತಿ ಬೆಟ್ಟದ ತುದಿಗೆ ಹತ್ತಿಸುತ್ತಿದ್ದಳು, ಮುತ್ತತ್ತಿಯಲ್ಲಿ ಹೊಳೆಯ ನಡುವಿನ ಬಂಡೆಗೆ ದಾಟಿಸುತ್ತಿದ್ದಳು. ಬೆಟ್ಟವೇ ಛತ್ರ, ಹೊಳೆಯ ಸದ್ದೇ ವಾಲಗ! ಆ ಫೋಟೋ ನೋಡಿದರೆ ಇವರು ಹೆದರಿ ಓಡಿಬಂದವರು ಎಂದು ಯಾರೂ ಅನ್ನುವಂತಿರಲಿಲ್ಲ.

ಒಂದೇ ಕಟ್ಟುನಿಟ್ಟು. ಎರಡೂ ಮನೆಯವರು ಒಪ್ಪುವವರೆಗೆ ಮುಖ ಕಾಣಬಾರದು, ಬೆನ್ನು ಮಾತ್ರ. ಅವಳ ಹೆಸರೇ ಇಲ್ಲದ ಇನ್‌ಸ್ಟಾಗ್ರಾಂ ಪುಟದ ತುಂಬ ಬರೀ ಬೆನ್ನುಗಳು. ಅವುಗಳಲ್ಲಿ ಇತ್ತ ತಿರುಗಿ ನಗುವ ಭಾಗ್ಯ ಬಂದದ್ದು ತೀರಾ ಕೆಲವಕ್ಕೆ.

"ಅವ್ರು ಬರೋಷ್ಟ್ರಲ್ಲಿ ಬೆಳಕು ನೋಡ್ಕೋತೀನಿ. ಅಲ್ಲಿ ನಿಂತ್ಕೊಳ್ಳಿ ಸಾರ್."

ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಎಂದಿನಂತೆ ತಾನೇ ಹೋಗಿ ಹುಡುಗಿಯ ಜಾಗದಲ್ಲಿ ನಿಂತಳು. ಇಬ್ಬರ ಬೆನ್ನು, ಎದುರಿಗೆ ಧುಮ್ಮಿಕ್ಕುವ ನೀರು. ಕ್ಲಿಕ್!

ಅದೇ ಹೊತ್ತಿಗೆ ಅವನ ಫೋನ್ ಸದ್ದು ಮಾಡಿತು. ಓದಿದ. ಮತ್ತೊಮ್ಮೆ ಓದಿದ. ಫೋನನ್ನು ಅವಳ ಕೈಗೆ ಕೊಟ್ಟ.

'ನಾನು ಬರಲ್ಲ ಹರ್ಷ. ಅಪ್ಪನ ಮುಖ ನೋಡಿ ಕಾಲೇ ಏಳಲಿಲ್ಲ. ಕ್ಷಮಿಸು. ಪ್ರಿಯಾಂಕ.'

ಅವಳು ತಲೆಯೆತ್ತುವಷ್ಟರಲ್ಲಿ ಅವನು ಬಂಡೆಯ ಅಂಚಿಗೆ ನಡೆದಿದ್ದ. ಚಂದನ ಓಡಿಹೋಗಿ ಅವನ ಕೈ ಹಿಡಿದಳು.

"ಸಾರ್! ಈ ಕಡೆ ಬನ್ನಿ... ಬನ್ನಿ ಅಂದ್ನಲ್ಲ!"

"ಸಾಯಕ್ಕೆ ಬಂದಿಲ್ಲ ಕಣಮ್ಮ," ಎಂದ ಅವನು ತಣ್ಣಗೆ. "ಮದ್ವೆ ಆಗಕ್ಕೆ ಬಂದಿದ್ದೆ."

ಆ ಮಾತಿಗೆ ಅಳು ಬಂದದ್ದು ಅವನಿಗಲ್ಲ, ಅವಳಿಗೆ.

ಹರ್ಷವರ್ಧನ ಮದ್ದೂರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ವಾರ ಕಳೆದ ಮೇಲೆ ಫೋನ್ ಮಾಡಿದ.

"ಅವತ್ತು ತೆಗೆದ ಫೋಟೋ ಅಳಿಸ್ಬಿಡ್ತೀರಾ?"

"ನಾಳೆ ಅಳಿಸ್ತೀನಿ ಸಾರ್."

ಮುಂದಿನ ವಾರ ಮತ್ತೆ ಫೋನ್. "ಅಳಿಸಿದ್ರಾ?"

"ಅಯ್ಯೋ, ಮರೆತೇ ಹೋಯ್ತು!"

ಒಂದು ಫೋಟೋ ಅಳಿಸಿಲ್ಲವೆಂದು ವಾರವಾರವೂ ಫೋನ್ ಮಾಡಿ, ಗಂಟೆಗಟ್ಟಲೆ ಬೇರೆಯದೇ ಮಾತಾಡುವ ಮೇಷ್ಟ್ರನ್ನು ನೀವೆಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ಅವನ ರೋಗವೇನೆಂದು ನಿಮಗೆ ಗೊತ್ತಾಗುತ್ತಿತ್ತು. ಚಂದನಳಿಗೂ ಗೊತ್ತಾಗಿತ್ತು. ಅವಳಿಗೆ ಹತ್ತಿದ್ದೂ ಅದೇ ರೋಗ.

ಕೊಕ್ಕರೆ ಬೆಳ್ಳೂರಿಗೆ ಫೋಟೋ ತೆಗೆಯಲು ಹೋದವಳು ಅವನನ್ನೂ ಕರೆದಿದ್ದಳು. ಹುಣಸೆಮರದ ತುಂಬ ಗೂಡು, ಮರಿಗಳ ಗಲಾಟೆಯೋ ಗಲಾಟೆ. ಇವತ್ತು ಹೇಳಿಯೇ ಬಿಡ್ತಾನೆ ಎಂದು ಅವಳು ಕಾದು ಕೂತಳು.

"ನಿಮ್ಮೋರೂ ಪ್ರಿಯಾಂಕನ ಜನಾನೇ ಅಲ್ವಾ?" ಎಂದು ಕೇಳಿದ ಅವನು.

"...ಹೂಂ."

ಬಸ್ ಬರುವವರೆಗೂ ಇಬ್ಬರೂ ಕೊಕ್ಕರೆಗಳನ್ನೇ ನೋಡುತ್ತಾ ಕೂತಿದ್ದರು.

ಆ ಸಂಜೆ ಮನೆಗೆ ಬಂದ ಚಂದನ ಮಾಡಬಾರದ ಕೆಲಸವೊಂದನ್ನು ಮಾಡಿದಳು. ಆ ಫೋಟೋವನ್ನು ತನ್ನ ಪುಟಕ್ಕೆ ಹಾಕಿದಳು. ಮದುವೆಯಾದ ಅಷ್ಟೂ ಜೋಡಿಗಳ ಸಾಲಿನಲ್ಲಿ ತಾವಿಬ್ಬರೂ ಒಂದು ದಿನ ಇರಲಿ ಎಂಬ ಆಸೆ, ಅಷ್ಟೇ. 'ಬೆನ್ನು ತಾನೇ... ಯಾರಿಗೆ ಗುರುತು ಸಿಗತ್ತೆ?'

ಪಾಪ, ಹುಡುಗಿ ಹೆತ್ತವಳನ್ನು ಮರೆತಿದ್ದಳು.

ಮರುದಿನ ಅವಳ ಅಣ್ಣ ಶಿವರಾಜು ಸ್ನೇಹಿತನೊಬ್ಬ ಕಳಿಸಿದ ಆ ಪುಟವನ್ನು ತೋರಿಸಿ ನಗುತ್ತಿದ್ದ. "ನೋಡವ್ವ, ಓಡೋಗೋರ್ದೆಲ್ಲ ಫೋಟೋ ಹಾಕವ್ರೆ!"

ಮಂಗಳಮ್ಮ ಕಣ್ಣು ಕಿರಿದು ಮಾಡಿ ನೋಡಿದವರೇ ಕೂಗಿಬಿಟ್ಟರು. "ಅಯ್ಯೋ, ಇದು ನಮ್ ಚಂದು ಅಲ್ವೇನ್ಲಾ! ನಾನು ಎಣ್ಣೆನೀರು ಆಕಿದ್ ಬೆನ್ನು, ನಂಗೆ ತಿಳ್ಯಕಿಲ್ವಾ?"

ಆಡಿದ ಮೇಲೆ ಬಾಯಿ ಮುಚ್ಚಿಕೊಂಡರು. ಆಗಲೇ ಹೊತ್ತು ಮೀರಿತ್ತು. ಪಕ್ಕದಲ್ಲಿದ್ದವನು ಯಾರು, ಯಾವ ಕೇರಿಯವನು ಎಂದು ತಂಗಿಯ ಫೋನ್ ಕೆದಕಿ ತಿಳಿದುಕೊಳ್ಳಲು ಶಿವರಾಜುವಿಗೆ ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ನಾಲ್ಕು ಜನರನ್ನು ಕಟ್ಟಿಕೊಂಡು ಹೊರಟೇಬಿಟ್ಟ. ಅಪ್ಪ ತಿಮ್ಮಯ್ಯ ಮಗಳ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ಹರ್ಷನ ಫೋನ್ ಬಂತು.

"ಅಳಿಸಿ ಅಂತ ಎಷ್ಟ್ ಸಲ ಕೇಳ್ದೆ ಚಂದನ... ನಿಮ್ಮಣ್ಣನ ಮುಂದೆ ನಮ್ಮಪ್ಪ ಬೀದೀಲಿ ಕೈ ಮುಗ್ದು ನಿಂತಿದ್ರು ಇವತ್ತು. ನಿಮ್ ಪೇಜಿಗೆ ಎಷ್ಟ್ ಲೈಕ್ ಬಂತು?"

"ಹರ್ಷ, ನಾನು..."

ಫೋನ್ ಕಟ್ಟಾಗಿತ್ತು. ಆಮೇಲೆ ಅವಳ ಕೈಯಲ್ಲಿ ಫೋನೇ ಉಳಿಯಲಿಲ್ಲ. ಮನೆಯವರು ಶಶಿಧರ್ ಎಂಬ ಗಂಡನ್ನು ನೋಡಿ ಮದುವೆಯ ಮಾತೂ ಆಡಿ ಮುಗಿಸಿದರು. ಮದುವೆಗಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಒಂದೇ. 'ಲೈಕಿಗಾಗಿ ಹಾಕಿದೆ ಅಂದುಕೊಂಡಿದ್ದಾನೆ... ಅದನ್ನೇ ನಂಬಿಕೊಂಡು ಬಾಳ್ತಾನೆ.'

ರವಿಕೆ ಹೊಲಿಯಲು ಕೊಡಬೇಕೆಂದು ಮಂಗಳಮ್ಮ ಮಗಳನ್ನು ಮದ್ದೂರಿಗೆ ಕರೆತಂದರು. ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಅಳತೆಗೆ ನಿನ್ ಅಳೇ ರವಿಕೆ ತಂದಿವ್ನಿ. ನೀನು... ಓಗ್ಬುಟ್ಟು ಬಾ."

"ಎಲ್ಲಿಗಮ್ಮ?"

"ಎಲ್ಲಿಗೆ ಅಂತ ನನ್ನ ಕೇಳ್ತೀಯಾ? ನನ್ ಬಾಯಿಂದ ಆಗಿದ್ದು ಇದು. ಒಂದ್ ಮಾತು ಏಳ್ಬುಟ್ಟು ಬಾ." ಬಸ್ಸಿನ ದುಡ್ಡನ್ನು ಮಗಳ ಕೈಗೆ ತುರುಕಿದರು. "ಆದ್ರೆ ಬಾ ಕಣವ್ವ... ಬರ್ದೇ ಇರ್ಬೇಡ."

ಬೀಗ ಹಾಕಿದ್ದರೆ ಒಡೆಯಬಹುದಿತ್ತು. ಅಮ್ಮ ನಂಬಿ ಕಳಿಸಿದ್ದರು. ಬೆಸಗರಹಳ್ಳಿಯ ಬಸ್ಸಿನಲ್ಲಿ ಕೂತ ಚಂದನಳಿಗೆ ಅದೇ ಬೇಡಿಯಾಗಿತ್ತು.

ಬೆಸಗರಹಳ್ಳಿಯಿಂದ ಒಳದಾರಿಯಲ್ಲಿ ನಡೆದರೆ ಹರ್ಷನ ಊರು. ಜಗಲಿಯ ಮೇಲಿದ್ದ ಅವನ ಅಪ್ಪ ಸಣ್ಣಯ್ಯ ಅವಳನ್ನು ಕಂಡದ್ದೇ ಗಡಬಡಿಸಿ ಎದ್ದು ನಿಂತರು. ಅಷ್ಟು ವಯಸ್ಸಾದವರು ತನ್ನ ಮುಂದೆ ಹಾಗೆ ನಿಂತದ್ದು ನೋಡಿ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಯಾಕವ್ವ ಬಂದೆ? ಇನ್ನೇನ್ ಉಳ್ದದೆ?" ಎಂದರು ತಾಯಿ ಚಿಕ್ಕನಂಜಮ್ಮ. ಹಾಗೆ ಕೇಳಿಯೂ ಒಂದು ಚೊಂಬು ನೀರು ತಂದಿಟ್ಟರು. ಅವಳು ಅಷ್ಟನ್ನೂ ಕುಡಿದಳು.

ಹರ್ಷ ಒಳಗಿನಿಂದ ಬಂದ. ಸೊರಗಿದ್ದ.

"ಲೈಕಿಗೆ ಹಾಕ್ಲಿಲ್ಲ," ಎಂದಳು ಚಂದನ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. "ಆ ಸಾಲಲ್ಲಿ ನಮ್ದೂ ಒಂದು ಇರ್ಲಿ ಅಂತ ಆಸೆ ಆಯ್ತು. ಅದಕ್ಕೆ ಹಾಕ್ದೆ."

"ನಮ್ದು?"

"ಹೂಂ... ನಮ್ದು."

ಅವನು ಜಗಲಿಯಿಂದ ಇಳಿದು ಅವಳ ಎದುರಿಗೆ ಬಂದು ನಿಂತ.

"ಅಳಿಸಿ ಅಂತ ನಾನು ಫೋನ್ ಮಾಡ್ತಿದ್ನಲ್ಲ, ಅದು ಸುಳ್ಳು," ಎಂದ. "ಇನ್ನೂ ಅಳಿಸಿಲ್ಲ ಅಂತ ನಿಮ್ ಬಾಯಲ್ಲಿ ಕೇಳಕ್ಕೆ ಮಾಡ್ತಿದ್ದೆ."

ಚಂದನ ಅಮ್ಮನನ್ನು ಮರೆತಳು, 'ಬರ್ದೇ ಇರ್ಬೇಡ' ಎಂದ ಮಾತನ್ನೂ ಮರೆತಳು. "ಹಂಗಾದ್ರೆ ಹೋಗಣ ಬನ್ನಿ! ಈಗ್ಲೇ..."

ಅವನು ಜಗಲಿಯತ್ತ ನೋಡಿದ. ಸಣ್ಣಯ್ಯ ಇನ್ನೂ ನಿಂತೇ ಇದ್ದರು.

"ಅಷ್ಟೊಂದ್ ಜೋಡಿ ಫೋಟೋ ತೆಗ್ದಿದ್ದೀರಿ. ಅವ್ರು ಹೋದ್ಮೇಲೆ ಅವ್ರ ಮನೆ ಕಡೆ ಒಂದ್ಸಲನಾದ್ರೂ ಹೋಗಿ ನೋಡಿದ್ದೀರಾ?"

ಅವಳು ನೋಡಿರಲಿಲ್ಲ.

"ಪ್ರಿಯಾಂಕನ ಜೊತೆ ಹೊರಟಾಗ ನಾನೂ ಯೋಚನೆ ಮಾಡಿರ್ಲಿಲ್ಲ. ಅಪ್ಪ ಕೈ ಮುಗ್ದಿದ್ದು ನೋಡಿದ್ಮೇಲೆ ನಂಗೆ ಓಡಕ್ಕೆ ಆಗಲ್ಲ ಚಂದನ. ನಾವು ಹೋದ್ರೆ ಇಲ್ಲಿ ಏಟು ತಿನ್ನೋರು ಇವ್ರು."

ಅವಳು ನೀರಿನ ಚೊಂಬನ್ನು ಎತ್ತಿ ಚಿಕ್ಕನಂಜಮ್ಮನವರ ಕೈಗೆ ಕೊಟ್ಟಳು.

"ಕತ್ಲಾಯ್ತದೆ, ಬಸ್ಸಿಗೆ ಅತ್ತಿಸ್ಬುಟ್ಟು ಬಾ ಓಗ್ಲಾ," ಎಂದರು ಚಿಕ್ಕನಂಜಮ್ಮ. ಹೊರಟವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ಒಳಗೆ ಹೋಗಿಬಿಟ್ಟರು.

ಕಬ್ಬಿನ ಗದ್ದೆಗಳ ನಡುವಿನ ದಾರಿ. ಅವಳು ಮುಂದೆ, ಅವನು ತುಂಬಾ ಹಿಂದೆ. ಅವಳು ನಿಂತಳು. ಅವನೂ ನಿಂತ.

"ಪಕ್ಕಕ್ಕೆ ಬನ್ನಿ."

"ನೋಡ್ತಾರೆ."

"ಬಸ್ ಸ್ಟಾಪಿನ ತನಕ ಅಷ್ಟೇ ಹರ್ಷ..."

ಅವನು ಬಂದ. ಇಬ್ಬರೂ ಜೊತೆಯಾಗಿ ನಡೆದರು. ಟೀ ಅಂಗಡಿಯಲ್ಲಿ ಕೂತಿದ್ದವರು ಮಾತು ನಿಲ್ಲಿಸಿ ನೋಡಿದರು. ಅವಳು ಸೆರಗು ಮುಂದೆಳೆದುಕೊಳ್ಳಲಿಲ್ಲ.

"ಆ ಶಶಿಧರ್‌ಗೆ ಒಲ್ಲೆ ಅಂತೀನಿ," ಎಂದಳು.

"ನನಗೋಸ್ಕರ ಬೇಡ."

"ನನಗೋಸ್ಕರಾನೇ."

"ಕೇಳ್ತಾರಾ?"

"ಗೊತ್ತಿಲ್ಲ."

ಬಸ್ಸು ಬಂತು. ಅವಳು ಕಿಟಕಿಯ ಪಕ್ಕ ಕೂತಳು. ಅವನು ಕೆಳಗೆ ನಿಂತು ತಲೆಯೆತ್ತಿ ನೋಡಿದ. ಕಣ್ಣು ತುಂಬಿತ್ತು.

"ಮತ್ತೆ ಈ ಕಡೆ ಬರ್ಬೇಡಿ."

"ಬಂದ್ರೆ?"

"ಬರ್ಬೇಡಿ ಅಂದೆ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಮೆಲ್ಲಗೆ ಉರುಳಿತು.

"ಕಾಯ್ತೀರಾ?" ಅವಳು ಕೇಳಿಯೇಬಿಟ್ಟಳು.

ಕಿಟಕಿಯ ಸರಳು ಹಿಡಿದು ಅವನು ನಾಲ್ಕು ಹೆಜ್ಜೆ ಜೊತೆಗೇ ನಡೆದ.

"ಹೂಂ... ಕಾಯ್ತೀನಿ," ಎಂದ. "ಆದ್ರೂ ಬರ್ಬೇಡಿ."