ಸ್ಟಾಪ್ ಸೀನು

"ಬಸ್ಸು ರಿವರ್ಸ್ ಬತ್ತಾ ಅದೆ. ಹಿಂದ್ಗಡೆ ದೊಡ್ಡ ಕೆರೆ. ಕ್ಲೀನರ್ ಕೆಂಚ ಕೈ ಬೀಸ್ತಾ ಕೂಗ್ತಾನೆ, ಸ್... ಸ್... ಸ್..."

ಅಮೃತ ಕರಿಹಲಗೆಯ ಮುಂದೆ ನಿಂತು ಕಣ್ಣುಗುಡ್ಡೆ ಮೇಲಕ್ಕೆ ಹೊರಳಿಸಿದಳು. ಬಾಯಿ ಒಂದು ಕಡೆಗೆ ಸೊಟ್ಟ ಮಾಡಿದಳು. ಆರನೇ ಕ್ಲಾಸಿನ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಸ್... ಸ್ಟಾ... ಸ್ಟಾ... ಅಷ್ಟ್ರಲ್ಲಿ ಬಸ್ಸು ದುಡುಂ! ನೀರೊಳಕ್ಕೆ! ಡ್ರೈವರು ಕಿಟಕೀಲಿ ತಲೆ ಆಚೆ ಹಾಕ್ತಾನೆ. ತಲೆ ಮೇಲೆ ತಾವರೆ ಎಲೆ. ಆಗ ಕೆಂಚ ಅಂತಾನೆ, ಸ್ಟಾಪ್!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ದೀಪಿಕ ಬೆಂಚಿಗೆ ಹಣೆ ಒತ್ತಿಕೊಂಡು ನಕ್ಕಳು. ಶಶಿರೇಖಾ ಮಿಸ್ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಪ್ರತಿ ಸೋಮವಾರ ಕೊನೆಯ ಪೀರಿಯಡ್ಡಿನಲ್ಲಿ 'ನಾನು ನೋಡಿದ್ದು' ಅಂತ ಮಿಸ್ ಮಕ್ಕಳಿಂದ ಮಾತಾಡಿಸುತ್ತಿದ್ದರು. ಒಬ್ಬ ನಾಗರಹಾವು ನೋಡಿದ್ದು ಹೇಳುತ್ತಿದ್ದ. ಇನ್ನೊಬ್ಬಳು ಅಜ್ಜಿ ಮನೆಯ ಕರು ನೋಡಿದ್ದು ಹೇಳುತ್ತಿದ್ದಳು. ಅಮೃತ ಮಾತ್ರ ಯಾವಾಗಲೂ ಪಿಕ್ಚರ್ ಬಗ್ಗೆಯೇ. ಕತೆ ಹೇಳಿ ಸುಮ್ಮನಾಗುವವಳಲ್ಲ. ತನಗೆ ಏನನ್ನಿಸಿತು ಅಂತ ಹೇಳಿ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸನ್ನೂ ಕೊಡುತ್ತಿದ್ದಳು.

ಹಿಂದಿನ ವಾರ ದೀಪಿಕಳ ಅಕ್ಕನ ಫೋನಿನಲ್ಲಿ ನೋಡಿದ ದೆವ್ವದ ಪಿಕ್ಚರಿಗೆ ಅವಳು ಕೊಟ್ಟದ್ದು ನಾಲ್ಕು. "ದೆವ್ವ ಚೆನ್ನಾಗಿತ್ತು ಮಿಸ್. ಮನೆಯವ್ರೇ ಸರಿ ಇರ್ಲಿಲ್ಲ. ಕರೆಂಟ್ ಹೋಯ್ತು ಅಂತ ಕಿರುಚ್ತಾರೆ, ಒಬ್ರೂ ಟಾರ್ಚ್ ಹಾಕಲ್ಲ." ಅದಕ್ಕೂ ಮುಂಚೆ ಟೀವಿಯಲ್ಲಿ ಬಂದದ್ದಕ್ಕೆ ಮೂರೇ ಮಾರ್ಕ್ಸು. ಅದರಲ್ಲಿ ಹೀರೋ ಹತ್ತು ವರ್ಷ ಜೈಲಿನಲ್ಲಿದ್ದು ಮನೆಗೆ ಬಂದರೆ ಅವನ ನಾಯಿ ಇನ್ನೂ ಮರಿಯಾಗಿಯೇ ಇತ್ತು.

ಈ ಭಾನುವಾರ ಮಂಡ್ಯದ ಥಿಯೇಟರಿನಲ್ಲಿ ನೋಡಿದ ಈ ಬಸ್ಸಿನ ಪಿಕ್ಚರಿಗೆ ಮಾತ್ರ ಒಂಬತ್ತು.

"ಒಂದು ಮಾರ್ಕ್ಸ್ ಯಾಕೆ ಕಟ್?" ಮಿಸ್ ಕೇಳಿದರು.

"ಹೀರೋ ಕಬ್ಬಿನ ಗದ್ದೇಲಿ ಇಪ್ಪತ್ತು ಜನಕ್ಕೆ ಹೊಡೀತಾನೆ ಮಿಸ್. ಆದ್ರೂ ಬಿಳೀ ಶರ್ಟು ಹಂಗೇ ಇರ್ತದೆ. ನಮ್ಮ ಗದ್ದೆಗೆ ಒಂದ್ಸಲ ಹೊಕ್ಕು ಬರ್ಲಿ, ಗೊತ್ತಾಯ್ತದೆ."

ಮತ್ತೆ ನಗು. ಮಿಸ್ ಅವಳ ಬೆನ್ನು ತಟ್ಟಿದರು. "ಶನಿವಾರ ಪೋಷಕರ ಸಭೆ ಇದೆಯಲ್ಲ, ಅಲ್ಲಿಯೂ ಇದನ್ನೇ ಹೇಳಮ್ಮ. ಆ ಸ್ಟಾಪ್ ಸೀನು ಬಿಡಬೇಡ."

ಬೆಲ್ಲು ಹೊಡೆಯಿತು. ಅಮೃತ ಹಾರಿಕೊಂಡೇ ವರಾಂಡಕ್ಕೆ ಬಂದಳು. ರಘುನಂದನ್ ಬ್ಯಾಗು ಎಳೆದುಕೊಂಡು ಹಿಂದೆಯೇ ಓಡಿ ಬಂದ. ಅವನು ಯಲಿಯೂರಿನವನು. ಈ ಜೂನ್‌ನಲ್ಲಷ್ಟೇ ಅಮೃತಳ ಊರಾದ ಹೊಳಲಿನ ಸ್ಕೂಲಿಗೆ ಸೇರಿದ್ದ.

"ಅಮೃತ, ನಾವೂ ಅದೇ ಶೋಗೆ ಓಗಿದ್ವಿ ಕಣೇ! ಭಾನ್ವಾರ ಮ್ಯಾಟ್ನಿ. ಇಂಟರ್ವಲ್ಲಲ್ಲಿ ಏನಾಯ್ತು ಗೊತ್ತಾ? ಪಾಪ್‌ಕಾರ್ನ್ ಅಂಗ್ಡಿ ಮುಂದೆ ಒಬ್ಬ ನಿಜವಾದ ಕೆಂಚ ಬಂದಿದ್ದ!"

"ನಿಜವಾದ ಕೆಂಚನಾ?"

"ಊಂ ಕಣೇ. ಪ... ಪ... ಪ... ಅಂತ ನಿಂತವ್ನೆ, ಮುಂದಕ್ಕೇ ಓಗಲ್ಲ. ಹಿಂದೆ ಕ್ಯೂಲಿದ್ದ ಅಣ್ಣಂದ್ರೆಲ್ಲ 'ಸ್ಟಾಪ್, ಸ್ಟಾಪ್' ಅಂದ್ರು. ನಾನೂ ಅಂದೆ. ಪಾಪ್‌ಕಾರ್ನೇ ತಗೊಳ್ದೆ ಓಗ್ಬುಟ್ಟ!"

ಅಮೃತಳ ಮುಖದ ಮೇಲಿದ್ದ ನಗು ಅಲ್ಲೇ ನಿಂತಿತು.

"ಯಾವ ಶರ್ಟು ಹಾಕಿದ್ರು?"

"ಹಸ್ರು ಗೆರೆದು. ಯಾಕೆ?"

"ಸುಮ್ನೆ ಕೇಳ್ದೆ," ಎಂದು ಅವಳು ಸರಸರನೆ ಮೆಟ್ಟಿಲಿಳಿದು ಹೋದಳು.

ಹಸಿರು ಗೆರೆಯ ಶರ್ಟು ರಾಜೇಂದ್ರ ಮಾವನದು. ಅವಳನ್ನು ಪಿಕ್ಚರಿಗೆ ಕರೆದುಕೊಂಡು ಹೋದದ್ದೂ ಅವನೇ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ತರುತ್ತೇನೆ ಅಂತ ಹೋದವನು ಬರಿಗೈಯಲ್ಲಿ ವಾಪಸು ಬಂದಿದ್ದ. "ಖಾ... ಖಾಲಿ ಆಗೋಗದೆ ಕಣಮ್ಮಿ," ಅಂದಿದ್ದ. ಮುಂದಿನ ಸಾಲಿನ ಹುಡುಗಿಯ ಕೈಯಲ್ಲಿ ತುಂಬಿದ ಪೊಟ್ಟಣವಿತ್ತು. ಅಮೃತ ಮುಖ ಊದಿಸಿಕೊಂಡು ಕೂತಿದ್ದಳು.

ರಾಜೇಂದ್ರ ಮಾವ ಅಮ್ಮನ ತಮ್ಮ. ಅಮೃತಳ ಮನೆಯಲ್ಲೇ ಇರುತ್ತಿದ್ದ. ಊರಿನ ಸರ್ಕಲ್ಲಿನಲ್ಲಿ ಅವನದೊಂದು ಸಣ್ಣ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಅವನ ಕೆಲಸ. ಅವನು ಮಾತಾಡುವಾಗ ಮಾತು ತೊಡರುತ್ತಿತ್ತು. ಆದರೆ ಮನೆಯಲ್ಲಿ ಅದು ಯಾರ ಲಕ್ಷ್ಯಕ್ಕೂ ಬರುತ್ತಿರಲಿಲ್ಲ. ಅವನ ಮಾತು ಸಿಕ್ಕಿಕೊಂಡರೆ ಅಮ್ಮ ಸೊಪ್ಪು ಬಿಡಿಸುತ್ತಾ ಕಾಯುತ್ತಿದ್ದಳು. ಮಾಯಮ್ಮಜ್ಜಿ ಎಲೆ ಅಡಿಕೆ ಅಗಿಯುತ್ತಾ ಕಾಯುತ್ತಿದ್ದಳು. ಮಾತು ಬರುವ ಹೊತ್ತಿಗೆ ಬರುತ್ತಿತ್ತು.

ಪರದೆಯ ಮೇಲಿನ ಕೆಂಚನಿಗೂ ಪಕ್ಕದ ಸೀಟಿನಲ್ಲಿದ್ದ ಮಾವನಿಗೂ ಸಂಬಂಧವಿದೆ ಅಂತ ಅಮೃತಳಿಗೆ ಹೊಳೆದೇ ಇರಲಿಲ್ಲ. ಈಗ ಹೊಳೆಯಿತು. ಹೊಳೆದ ಮೇಲೆ ತಲೆಯಿಂದ ಹೋಗಲೇ ಇಲ್ಲ.

ಮಂಗಳವಾರ ಸ್ಕೂಲಿಗೆ ಹೋದರೆ ಎಲ್ಲಿ ನೋಡಿದರೂ ಕೆಂಚ. ಪ್ರೇಯರಿನ ಸಾಲಿನಲ್ಲಿ ಕೆಂಚ. ಕಬಡ್ಡಿಯಲ್ಲಿ ಕೆಂಚ. ಬಿಸಿಯೂಟದ ಹೊತ್ತಿಗೆ ಹುಡುಗರು ತಟ್ಟೆ ಹಿಡಿದು "ಸ್... ಸ್... ಸಾಂಬಾರ್!" ಅಂತ ಕೂಗಿದರು. ಎಲ್ಲರೂ ಬಾಯಿ ಒಂದು ಕಡೆಗೆ ಸೊಟ್ಟ ಮಾಡುತ್ತಿದ್ದರು. ಪಿಕ್ಚರಿನಲ್ಲಿ ಕೆಂಚ ಬಾಯಿ ಸೊಟ್ಟ ಮಾಡುವುದೇ ಇಲ್ಲ. ಅದನ್ನು ಸೇರಿಸಿದವಳು ಅಮೃತ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರ ಗಂಟಲು ನೋವು ಅಂತ ಹೇಳಿದಳು. ಮಿಸ್ ಉಪ್ಪುನೀರು ಮುಕ್ಕಳಿಸಲು ಹೇಳಿದರು. "ನೀನೇ ಮಾಡೇ ಆ ಸೀನ," ಅಂತ ದೀಪಿಕಳನ್ನು ಕೇಳಿದಳು. "ನಿನ್ನಂಗೆ ನಂಗೆ ಬರಲ್ಲ ಕಣೇ," ಅಂತ ದೀಪಿಕ ಕೈಯಲ್ಲಾಡಿಸಿಬಿಟ್ಟಳು.

ದೂರದ ಬ್ಲಫ್ ಅನ್ನುವ ಊರಿನ ಪವರ್‌ಹೌಸಿನಲ್ಲಿ ಕೆಲಸ ಮಾಡುವ ಅಪ್ಪ ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಅಮ್ಮ ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗ್ಗೆ ಏಳಕ್ಕೇ ಫ್ಯಾಕ್ಟರಿ ಬಸ್ಸು. ಪ್ರತಿ ವರ್ಷ ಪೋಷಕರ ಸಭೆಗೆ ಬರುತ್ತಿದ್ದವನು ಮಾವನೇ. ಅವತ್ತು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಬೇಗ ಬಂದು, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ಮಿಸ್ ಹೇಳಿದ್ದನ್ನು ಕೇಳಿಸಿಕೊಂಡು ಹೋಗುತ್ತಿದ್ದ.

ಗುರುವಾರ ಸಂಜೆ ಮಾವ ಜಗಲಿಯ ಮೇಲೆ ಕೂತು ಅದೇ ಹಸಿರು ಗೆರೆಯ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದ.

"ಶ... ಶನಿವಾರ ಎಷ್ಟ್ ಗಂಟೆಗಮ್ಮಿ?"

"ನೀ ಬರ್ಬೇಡ ಮಾವ."

ಮಾವನ ಸೂಜಿ ನಿಂತಿತು. "ಯಾ... ಯಾಕೆ?"

"ಸುಮ್ನೆ. ಬೇಡ ಅಷ್ಟೆ."

ಮಾವ ಸೂಜಿಯನ್ನು ಗುಂಡಿಯಿಂದ ಈಚೆಗೆ ಎಳೆದ. "ಆಯ್ತು ಬುಡು," ಅಂದ. ಈ ಸಲ ಅವನ ಮಾತು ಎಲ್ಲಿಯೂ ತೊಡರಲಿಲ್ಲ. ದಾರ ಕಡಿದು, ಶರ್ಟು ಮಡಚಿ ಒಳಗೆ ಹೋದ.

ಇನ್ನು ಮಾವ ನೋಡುವುದಿಲ್ಲ, ಪಾರಾದೆ ಅಂದುಕೊಂಡಳು ಅಮೃತ. ಆದರೆ ರಾತ್ರಿಯೆಲ್ಲ ಹಾಸಿಗೆಯಲ್ಲಿ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿದಳು. "ಏನಮ್ಮಿ, ಇರುವೆ ಬುಟ್ಕೊಂಡಂಗೆ ಆಡ್ತೀಯ," ಅಂತ ಅಜ್ಜಿ ಗದರಿದಳು. ಶುಕ್ರವಾರ ಮಾವ ಅವಳೊಡನೆ ಎಂದಿನಂತೆ ಮಾತಾಡಿದ. ಸಭೆಯ ಸುದ್ದಿ ಮಾತ್ರ ಎತ್ತಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಶನಿವಾರ ಬೆಳಗ್ಗೆ ಆರನೇ ಕ್ಲಾಸಿನ ತುಂಬ ಅಪ್ಪಂದಿರು, ಅಮ್ಮಂದಿರು. ಹುಡುಗರು ನೆಲದ ಮೇಲೆ, ದೊಡ್ಡವರು ಬೆಂಚಿನ ಮೇಲೆ. ಶಶಿರೇಖಾ ಮಿಸ್ ಅಮೃತಳ ಹೆಸರು ಕರೆದರು.

ಅವಳು ಎದ್ದು ನಿಂತು ಶುರು ಮಾಡಿದಳು. ಹೀರೋನ ಬಿಳೀ ಶರ್ಟಿನ ವಿಷಯಕ್ಕೆ ದೊಡ್ಡವರೆಲ್ಲ ಗೊಳ್ಳೆಂದು ನಕ್ಕರು. ರಘುನಂದನ್ ಕೂತಲ್ಲಿಂದಲೇ ಕೂಗಿದ, "ಸ್ಟಾಪ್ ಸೀನು!" ಎಲ್ಲರೂ ಸೇರಿಕೊಂಡರು. "ಸ್ಟಾಪ್ ಸೀನು! ಸ್ಟಾಪ್ ಸೀನು!"

ಅಮೃತ ಬಾಯಿ ತೆರೆದಳು. "ಸ್..."

ಕಿಟಕಿ ಪಕ್ಕದ ಬೆಂಚಿನಲ್ಲಿ ಯಾರದೋ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅಮೃತ ಆ ಬೆಂಚನ್ನೇ ನೋಡುತ್ತಾ ನಿಂತಳು. ಮಾವ ಏನಂದುಕೊಂಡಿರಬಹುದು ಅಂತ ಆಗ ಅವಳಿಗೆ ಪೂರ್ತಿ ಅರ್ಥವಾಯಿತು.

"ಮುಂದಕ್ಕೆ ಹೇಳಮ್ಮ," ಎಂದರು ಮಿಸ್.

"ಮಿಸ್, ಐದು ನಿಮಿಷ. ಮಾವನ್ನ ಕರ್ಕೊಂಡ್ ಬತ್ತೀನಿ!"

ಮಿಸ್ ಏನಾದರೂ ಅನ್ನುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು. ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಸರ್ಕಲ್ಲಿನವರೆಗೆ ಒಂದೇ ಉಸಿರಿಗೆ ಓಡಿದಳು.

ಮಾವ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಅವನು ಸುತ್ತು ಎಣಿಸುವಾಗ ಯಾರೂ ಮಾತಾಡಿಸಬಾರದು. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಮೃತ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಏದುಸಿರು ಬಿಡುತ್ತಾ ನಿಂತಳು. ಕೊನೆಗೆ ಅವನು ತಂತಿಗೆ ಗಂಟು ಹಾಕಿ ತಲೆಯೆತ್ತಿದ.

"ಏ... ಏನಮ್ಮಿ, ಬರಿಗಾಲಲ್ಲಿ?"

"ಬಾ ಮಾವ. ಮೀಟಿಂಗು."

"ನೀ... ನೀನೇ ಬ... ಬರ್ಬೇಡ ಅಂದ್ಯಲ್ಲ."

"ನೀ ಬಂದ್ರೆ ನಂಗೆ ನಾಚ್ಕೆ ಅಂತಲ್ಲ ಮಾವ!" ಅವಳ ದನಿ ಒಡೆಯಿತು. "ನಾನು ಕ್ಲಾಸಲ್ಲಿ ಕೆಂಚನಂಗೆ ಮಾಡ್ದೆ. ಬಾಯಿ ಸೊಟ್ಟ ಮಾಡ್ದೆ. ಎಲ್ರೂ ನಕ್ರು. ಇವತ್ತೂ ಮಾಡು ಅಂದ್ರು. ನೀ ನೋಡ್ಬುಟ್ರೆ ಅಂತ..."

ಮಾವ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒಂದೊಂದೇ ಬೆರಳನ್ನು ನಿಧಾನವಾಗಿ ಒರೆಸಿಕೊಂಡ.

"ಚೆ... ಚೆನ್ನಾಗಿ ಮಾಡಿದ್ಯಾ?"

ಅಮೃತ ಅಳುತ್ತಲೇ ಹೂಂ ಎಂದು ತಲೆಯಾಡಿಸಿದಳು.

"ಬ... ಬಸ್ಸು ಕೆರೆಗೆ ಬಿದ್ದಾಗ ನಂ... ನಂಗೂ ನಗು ಬಂತು ಕಣಮ್ಮಿ. ಆ... ಆಮೇಲೆ ಪಾಪ್‌ಕಾರ್ನ್ ಅಂಗ್ಡೀಲಿ..." ಮಾವ ಅಲ್ಲಿಗೇ ನಿಲ್ಲಿಸಿದ.

"ಗೊತ್ತು ಮಾವ."

ಮಾವ ಎದ್ದು ಬಂದ. ಅಂಗಡಿಯ ಶಟರನ್ನು ಎಳೆದು, "ನ... ನಡಿ," ಅಂದ. ಮೈಮೇಲೆ ಗ್ರೀಸಿನ ಕಲೆಯ ಹಳೇ ಟೀಶರ್ಟು. ಇಬ್ಬರೂ ಬಿರಬಿರನೆ ನಡೆದರು.

ಅವರು ಬರುವ ಹೊತ್ತಿಗೆ ಕ್ಲಾಸಿನಲ್ಲಿ ಪೋಷಕರು ಒಬ್ಬೊಬ್ಬರಾಗಿ ತಮ್ಮ ಮಕ್ಕಳ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ದೀಪಿಕಳ ತಾಯಿ ಇಂದ್ರಮ್ಮ, "ನಮ್ಮುಡ್ಗಿ ಊಟನೇ ಮಾಡಲ್ಲ ಮಿಸ್," ಅಂತ ಹೇಳಿ ಕೂತರು. ಮಿಸ್ ಅಮೃತಳನ್ನು ಒಮ್ಮೆ ನೋಡಿದರು, ಬೈಯಲಿಲ್ಲ. "ಬನ್ನಿ, ನೀವು ಹೇಳಿ," ಎಂದು ಮಾವನನ್ನು ಕರೆದರು.

ಮಾವ ಬಾಗಿಲ ಹತ್ತಿರವೇ ನಿಂತ. ನೆಲದ ಮೇಲೆ ಕೂತಿದ್ದ ರಘುನಂದನ್ ಅವನನ್ನು ನೋಡಿದ, ಅಮೃತಳನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಅವನ ಮುಖ ಸಣ್ಣದಾಯಿತು.

"ನ... ನಮ್ಮ ಅಮೃತ... ಮ... ಮ..."

ಹಿಂದಿನಿಂದ ಯಾರೋ ಮೆಲ್ಲಗೆ, "ಸ್ಟಾಪ್," ಅಂದರು. ಕಿಸಕ್ಕನೆ ನಾಲ್ಕೈದು ನಗು. ರಘುನಂದನ್ ತಟ್ಟನೆ ಹಿಂದೆ ತಿರುಗಿ, "ಸುಮ್ಕಿರ್ಲಾ!" ಎಂದು ಗದರಿದ.

"ಮ... ಮ..." ಮಾವನ ಕತ್ತಿನ ನರ ಉಬ್ಬಿತು. ಕೈಬೆರಳು ಟೀಶರ್ಟಿನ ಅಂಚನ್ನು ಹಿಡಿಯಿತು.

ಮಿಸ್ ನೆರವಿಗೆ ಬಂದರು. "ಮಾರ್ಕ್ಸಾ?"

ಮಾವ ಅಲ್ಲವೆಂದು ತಲೆಯಾಡಿಸಿದ.

"ಮೊಬೈಲ್ ನೋಡ್ತಾಳಾ?"

"ಇರಿ ಮಿಸ್," ಎಂದಳು ಅಮೃತ. "ಯೋಳ್ತಾರೆ."

ಮಿಸ್ ಸುಮ್ಮನಾದರು. ಕ್ಲಾಸೂ ಸುಮ್ಮನಾಯಿತು. ಮೇಲೆ ಫ್ಯಾನು ಕಿರ್ರ್ ಎಂದು ತಿರುಗುತ್ತಿತ್ತು. ಅಡುಗೆ ಕೋಣೆಯಲ್ಲಿ ಯಾರೋ ಪಾತ್ರೆ ಉಜ್ಜುತ್ತಿದ್ದರು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಬಂತು, ಹೋಯಿತು. ಅಮೃತ ಮಾವನ ಪಕ್ಕ ನಿಂತು, ಅವಸರವೇ ಇಲ್ಲದವಳಂತೆ, ಕಾದಳು.

"ಮ... ಮ್ಯಾತ್ಸ್ ಟೆಸ್ಟಿನ ಪೇಪರ್ನ," ಎಂದ ಮಾವ, "ಇ... ಇವ್ಳು ನಮ್ಮ ಅಂಗ್ಡೀಲಿ ಬ... ಬಚ್ಚಿಟ್ಟವ್ಳೆ ಮಿಸ್. ಎರಡು ತಿಂಗ್ಳಾಯ್ತು."

ಇಡೀ ಕ್ಲಾಸು ಗೊಳ್ಳೆಂದಿತು. ಇಂದ್ರಮ್ಮ ಬೆಂಚು ತಟ್ಟಿ ನಕ್ಕರು. ಮಿಸ್ ಸೊಂಟಕ್ಕೆ ಕೈಯಿಟ್ಟು, "ಹೌದೇನಮ್ಮ ಅಮೃತ?" ಎಂದರು. ಅಮೃತಳ ಕಿವಿ ಬಿಸಿಯಾಯಿತು. ಅವಳಿಗೂ ನಗು ಗಂಟಲವರೆಗೆ ಬಂದಿತ್ತು. ತಡೆದುಕೊಂಡಳು.

ತಲೆಯೆತ್ತಿ ಮೊದಲು ಮಾವನ ಮುಖ ನೋಡಿದಳು. ಅವನ ಹಲ್ಲೆಲ್ಲ ಕಾಣುತ್ತಿತ್ತು.

ಆಮೇಲೆ ಅವಳು ನಕ್ಕಳು.